ಮರೆವು ಬರೀ ಅರಳುಮರಳಲ್ಲ

ಮಾನ್ಯರೇ,

ವಯಸ್ಸಾದವರ ಮರೆವನ್ನು 'ಅರಳುಮರಳು' ಎಂದು ಸುಮ್ನೆ ತಳ್ಳಿಹಾಕುವುದನ್ನು ನಾವು ನಿಲ್ಲಿಸಬೇಕು. ನಮ್ಮಮ್ಮನ ವಿಷಯದಲ್ಲಿ ನಾವೂ ಅದೇ ತಪ್ಪು ಮಾಡಿದೆವು. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಒಂದು ದಿನ ಸಾರಿಗೆ ಮೂರು ಸಲ ಉಪ್ಪು ಹಾಕಿದರು. ಅದು ಆಲ್ಜೈಮರ್ಸ್ ಎಂಬ ಮಿದುಳಿನ ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಮುಚ್ಚಳ ತೆರೆದಿಟ್ಟ ಕಡಲೆಕಾಯಿ ಎಣ್ಣೆ ಗಾಳಿಯ ಆಮ್ಲಜನಕ ತಾಗಿ ಕಮಟು ಹಿಡಿಯುತ್ತದೆ, ಅಲ್ವಾ? ಈ ಕಾಯಿಲೆಯಲ್ಲಿ ಮಿದುಳಿನೊಳಗೂ ಹೆಚ್ಚೂಕಮ್ಮಿ ಇಂಥದ್ದೇ ನಡೆಯುತ್ತದೆ. ನೀರಿನಂಶ ಬಿಟ್ಟರೆ ಮಿದುಳಿನ ಅರ್ಧಕ್ಕಿಂತ ಜಾಸ್ತಿ ಭಾಗ ಕೊಬ್ಬು. ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ಅದು ದೇಹ ಬಳಸುವ ಆಮ್ಲಜನಕದ ಸುಮಾರು ಶೇ 20ರಷ್ಟನ್ನು ತಾನೇ ಬಳಸುತ್ತದೆ. ಹಾಗಾಗಿ ನರಕೋಶಗಳ ಪೊರೆಯಲ್ಲಿರುವ ಕೊಬ್ಬು ಸುಲಭವಾಗಿ ಕೆಡಬಹುದು, ಆಗ ಹುಟ್ಟುವ ಹೈಡ್ರಾಕ್ಸಿನೊನೆನಾಲ್‌ನಂಥ ವಿಷ ಪಕ್ಕದ ಪ್ರೋಟೀನುಗಳಿಗೂ ಅಂಟಿಕೊಂಡು ಅವನ್ನೂ ಹಾಳುಮಾಡುತ್ತದೆ. ಕಾಯಿಲೆಗೆ ಇದೊಂದೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಈ ಹಾನಿಯ ಗುರುತುಗಳು ಸಣ್ಣಪುಟ್ಟ ಮರೆವಿನ ಹಂತದಲ್ಲೇ ಕಂಡುಬಂದಿವೆ, ನಾವು ಗಮನಿಸಬೇಕಾದದ್ದು ಅದನ್ನೇ.

ಹಾಗೆಂದು ಕೊಬ್ಬು ಕೆಡುವುದನ್ನು ತಡೆಯಲೆಂದು ಯಾರೂ ವಿಟಮಿನ್ ಇ ಮಾತ್ರೆ ನುಂಗಲು ಹೊರಡಬಾರದು. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಇಂಥ ಮರೆವಿದ್ದವರಿಗೆ ಅದರಿಂದ ಉಪಯೋಗವಾಗಲಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ನೋಡುವಾಗಲೇ 60 ದಾಟಿದವರ ನೆನಪಿನ ಶಕ್ತಿಯನ್ನೂ ಹತ್ತು ನಿಮಿಷ ಪರೀಕ್ಷಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ, ಅನುಮಾನ ಬಂದವರನ್ನು ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕಳಿಸಲಿ.

– ಒಬ್ಬ ಓದುಗ, ಚಳ್ಳಕೆರೆ