ದುರ್ಗದ ಬಂಡೆಯಿಂದ ಹೈಫಾದ ಬೆಟ್ಟಕ್ಕೆ

ಚಿತ್ರದುರ್ಗ

ಪ್ರೀತಿಯ ಗೆಳೆಯನಿಗೆ,

ಹೋದ ಸಲ ನೀನು ದಾವಣಗೆರೆಯಿಂದ ಬಂದಿದ್ದಾಗ ಓಬವ್ವನ ಕಿಂಡಿಯ ಮುಂದೆ ನಿಂತು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಏಳು ಸುತ್ತಿನ ಕೋಟೆಯನ್ನು ಹಿಡಿಯಲು ಹೈದರಾಲಿಯಂಥವನೇ ಮತ್ತೆ ಮತ್ತೆ ದಂಡೆತ್ತಿ ಬಂದು 1779ರವರೆಗೆ ಕಾಯಬೇಕಾಯಿತು. ಹಾಗಿರುವಾಗ, ಮೊದಲ ಮಹಾಯುದ್ಧದಲ್ಲಿ ಕುದುರೆ ಭರ್ಜಿಗಳನ್ನೇ ನೆಚ್ಚಿದ ಮೈಸೂರಿನ ರಾವುತರು ಫಿರಂಗಿಗಳ ಕಾವಲಿದ್ದ, ಇಂದಿನ ಇಸ್ರೇಲಿನ ಹೈಫಾ ಬಂದರನ್ನು ಒಂದೇ ದಿನದಲ್ಲಿ ಹೇಗೆ ಗೆದ್ದರು ಎಂದು ನೀನು ಕೇಳಿದ್ದೆ. ಅಂದು ತಡವರಿಸಿದೆ; ಇಂದು ಬರೆಯುತ್ತಿದ್ದೇನೆ.

ಹೈಫಾಕ್ಕೆ ನಮ್ಮ ದುರ್ಗದಂತೆ ಸುತ್ತುಗೋಡೆಗಳ ಬಲವಿರಲಿಲ್ಲ, ನೆಲವೇ ಅದಕ್ಕೆ ಕೋಟೆಯಾಗಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಜವುಗು, ಎದುರಿಗೆ ಸಮುದ್ರ; ಊರೊಳಗೆ ಹೋಗುವ ದಾರಿ ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಿನಲ್ಲಿತ್ತು. ಆ ಇಕ್ಕಟ್ಟಿನತ್ತ ತುರ್ಕರು ಮೆಷಿನ್‌ಗನ್‌ಗಳನ್ನು ಹೂಡಿದ್ದರು, ಬೆಟ್ಟದ ಮೇಲೆ ಆಸ್ಟ್ರಿಯನ್ನರ ಫಿರಂಗಿಗಳಿದ್ದವು. 1918ರ ಸೆಪ್ಟೆಂಬರ್ 22ರಂದು, ಊರು ಖಾಲಿಯಾಗಿರಬಹುದೆಂದು ನಂಬಿ ಉಕ್ಕಿನ ಕವಚದ ಕಾರುಗಳಲ್ಲಿ ಹೋದ ಬ್ರಿಟಿಷರ ಒಂದು ತುಕಡಿ ಫಿರಂಗಿಯ ಏಟಿಗೆ ಹಿಂದಿರುಗಬೇಕಾಯಿತು. ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಸೈನ್ಯಕ್ಕಾದರೋ ಬಂದರು ಬೇಕೇ ಬೇಕಿತ್ತು. ದಮಾಸ್ಕಸ್‌ನತ್ತ ಓಡುತ್ತಿದ್ದ ದಂಡಿಗೆ ಹಡಗಿನಿಂದ ಅನ್ನ, ಮೇವು, ಮದ್ದುಗುಂಡು ಇಳಿಯದಿದ್ದರೆ ಆ ಓಟ ನಿಂತೇಹೋಗುತ್ತಿತ್ತು.

ಮರುದಿನ ಬಂದವರು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳು, ಅಂದರೆ ಭರ್ಜಿ ಹಿಡಿದ ರಾವುತರು. ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ರಾವುತರೆಂದರೆ ಅಂದಿನ ಲೆಕ್ಕದಲ್ಲಿ ನಮ್ಮ ದುರ್ಗದ ಸೀಮೆಯೂ ಸೇರಿದ ನಾಡಿನ ರಾವುತರೇ. ಮಧ್ಯಾಹ್ನ ಎರಡರ ಹೊತ್ತಿಗೆ ಜೋಧಪುರದವರು ರೈಲುಹಳಿ ದಾಟಿ ನುಗ್ಗಿದರು. ನದಿಯ ದಡ ಮುಟ್ಟಿದ ಕುದುರೆಗಳ ಕಾಲು ಹುದುಲಿನಲ್ಲಿ ಹೂತುಹೋಯಿತು, ಎದುರಿನಿಂದ ಗುಂಡು ಸುರಿಯುತ್ತಲೇ ಇತ್ತು. ಆ ಸುರಿಮಳೆಯಲ್ಲೇ ಅವರು ದಳವನ್ನು ಎಡಕ್ಕೆ ತಿರುಗಿಸಿ, ಕಾರ್ಮೆಲ್‌ನ ಬುಡಕ್ಕೆ ಹೊರಳಿ, ಇಕ್ಕಟ್ಟನ್ನು ಸೀಳಿಕೊಂಡು ಊರಿಗೆ ನುಗ್ಗಿದರು. ಈ ದಾಳಿಯಲ್ಲಿ ಜೋಧಪುರದ ಮೇಜರ್ ದಳಪತ್ ಸಿಂಗ್ ಪ್ರಾಣ ತೆತ್ತರು. ಅವರ ಹೆಸರು ಇಂದಿಗೂ ಉಳಿದಿದೆ, ಉಳಿಯಲೇಬೇಕು.

ಆದರೆ ನನ್ನ ಮನಸ್ಸು ನಿಲ್ಲುವುದು ಬೆಟ್ಟದ ಮೇಲೆ. ಕೆಳಗಿನ ದಾಳಿ ನಡೆಯಬೇಕಾದರೆ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲೇಬೇಕಿತ್ತು. ಆ ಕೆಲಸ ಮೈಸೂರಿನ ಒಂದು ತುಕಡಿಯ ಪಾಲಿಗೆ ಬಂತು. ಅದರ ಬೆಂಬಲಕ್ಕೆ ಶೆರ್‌ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಕುದುರೆದಳದ ಒಂದು ತುಕಡಿಯಿತ್ತು. ಕಡಿದಾದ ಕಾಲುದಾರಿಯಲ್ಲಿ ಕುದುರೆಗಳೊಡನೆ ಹತ್ತಿ, ಹಗೆಗಳು ಎದುರು ನೋಡದಿದ್ದ ದಿಕ್ಕಿನಿಂದ ಅವರು ಎರಗಿದರು. ನಮ್ಮ ಕೋಟೆಯ ಬಂಡೆಯ ಮೆಟ್ಟಿಲುಗಳಲ್ಲಿ ಬರಿಗೈಯಲ್ಲಿ ಹತ್ತುವಾಗಲೇ ಏದುಸಿರು ಬಂದು ಮಂಡಿಯ ಮೇಲೆ ಕೈಯೂರುತ್ತೇವಲ್ಲ. ಅಲ್ಲಿ ಬೆವತ ಕುದುರೆಯ ಲಗಾಮು ಹಿಡಿದು, ಉದ್ದನೆಯ ಭರ್ಜಿಯನ್ನು ಸಂಭಾಳಿಸುತ್ತ, ಗೊರಸಿನಡಿಯ ಕಲ್ಲು ಜಾರುವ ಸದ್ದು ಕೇಳುತ್ತ ಹತ್ತುವುದು ಹೇಗಿದ್ದಿರಬೇಕು! ಕೆಳಗೆ ಉಳಿದ ಮೈಸೂರಿನವರು ಜೋಧಪುರದವರಿಗೆ ಗುಂಡಿನ ಆಸರೆ ಕೊಟ್ಟು, ಆಮೇಲೆ ತಾವೂ ಕುದುರೆಯೇರಿ ಅವರ ಹಿಂದೆಯೇ ಊರು ಹೊಕ್ಕರು. ಹೈಫಾವನ್ನು ಬರೀ ಕುದುರೆಯ ನಾಗಾಲೋಟ ಗೆದ್ದಿತೆನ್ನುವ ಮಾತನ್ನು ನಾನು ಒಪ್ಪಲಾರೆ. ಬೆಟ್ಟ ಹತ್ತಿದವರಿಲ್ಲದೆ ಆ ನಾಗಾಲೋಟ ಇಕ್ಕಟ್ಟಿನಲ್ಲೇ ಮುಗಿಯುತ್ತಿತ್ತು.

ಸೆರೆಸಿಕ್ಕವರು 1,350 ಮಂದಿ, ವಶವಾದ ಫಿರಂಗಿಗಳು 17. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಈ ಕೊನೆಯ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ಹುದುಲಿನಲ್ಲಿ ಹೂತ ಆ ಕಾಲುಗಳೇ ಕಣ್ಣಿಗೆ ಕಟ್ಟುತ್ತವೆ.

ಮುಂದಿನ ತಿಂಗಳು ದೆಹಲಿಗೆ ಹೋಗುವವನಿದ್ದೀಯಲ್ಲ, ತೀನ್ ಮೂರ್ತಿಯ ಬಳಿ ಸ್ವಲ್ಪ ಹೊತ್ತು ನಿಲ್ಲು. ಅಲ್ಲಿನ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ನೆನಪಿಗೆ ನಿಂತಂಥವು. ಮರಳಿ ಬಂದ ಮೇಲೆ ಒಂದು ಭಾನುವಾರ ದುರ್ಗಕ್ಕೆ ಬಾ, ಬಿಸಿಲೇರುವ ಮುನ್ನ ಮತ್ತೊಮ್ಮೆ ಕೋಟೆ ಹತ್ತೋಣ.

ನಿನ್ನ,
ಗೆಳೆಯ