ಡೆಲಿವರಿ ಸ್ಕೂಟರ್ ಗುದ್ದಿದರೆ ಪರಿಹಾರದ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತಲುಪಿಸುವ ಪೈಪೋಟಿ, ಅದರಿಂದ ಡೆಲಿವರಿ ಹುಡುಗರ ಮೇಲೆ ಬೀಳುವ ಒತ್ತಡ, ಇವುಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತಿದೆ. ಆ ಓಟಕ್ಕೆ ಸಿಕ್ಕಿ ಬಿದ್ದ ದಾರಿಹೋಕರ ಆಸ್ಪತ್ರೆ ಖರ್ಚಿಗೆ, ನಿಂತುಹೋದ ದುಡಿಮೆಗೆ ಕಾನೂನಿನ ಪ್ರಕಾರ ಯಾರು ಹೊಣೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುತ್ತಿಲ್ಲ. ಅಕ್ಕನ ಪರಿಹಾರದ ಅರ್ಜಿಯ ಹಿಂದೆ ಒಂದು ವರ್ಷಕ್ಕೂ ಮೀರಿ ಕೋರ್ಟಿಗೆ ಅಲೆದಿರುವ ನಾನು, ಅಲ್ಲಿ ಕಂಡದ್ದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಅಕ್ಕನಿಗೆ 58 ವರ್ಷ. ಮನೆಯಲ್ಲೇ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು, ರವಿಕೆ ಹೊಲಿದು ಸಂಸಾರ ತೂಗಿಸಿದವಳು. 2024ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ಹೊಲಿದು ಮುಗಿಸಿದ್ದ ರವಿಕೆಗಳನ್ನು ಗಿರಾಕಿಯ ಮನೆಗೆ ಕೊಡಲು ಹೊರಟಿದ್ದಾಗ, ವಿಜಯನಗರದ ಏಕಮುಖ ಸಂಚಾರದ ರಸ್ತೆಯೊಂದರಲ್ಲಿ ಎದುರು ದಿಕ್ಕಿನಿಂದ ನುಗ್ಗಿ ಬಂದ ಡೆಲಿವರಿ ಸ್ಕೂಟರ್ ಅವಳಿಗೆ ಗುದ್ದಿತು. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದು, ರಾಡು ಹಾಕಿ ಸ್ಕ್ರೂ ಬಿಗಿಯಬೇಕಾಯಿತು. ಹುಡುಗ ಓಡಿಹೋಗಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆಟೊ ಹಿಡಿದು ಆಸ್ಪತ್ರೆಗೆ ಕರೆತಂದವನೇ ಅವನು. ನಾನು ಅಲ್ಲಿಗೆ ತಲುಪಿದಾಗ ಅವನ ಕೈಯಲ್ಲಿದ್ದ ಮೊಬೈಲು ಬಿಟ್ಟುಬಿಡದೆ ಸದ್ದು ಮಾಡುತ್ತಿತ್ತು. ‘ಆರ್ಡರ್ ಯಾಕೆ ತಲುಪಿಲ್ಲ ಅಂತ ಕೇಳ್ತಾ ಇದೆ ಸರ್’ ಎಂದ. ಕೇಳುತ್ತಿದ್ದುದು ಮನುಷ್ಯರಲ್ಲ, ಆ್ಯಪ್.

ಕಾನೂನಿನ ಪುಸ್ತಕದಲ್ಲಿ ಈ ಲೆಕ್ಕ ಸರಳವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ, ಅಂದರೆ ಗಾಡಿಯಿಂದ ಹೊರಗಿನವರಿಗೆ ಆಗುವ ಹಾನಿಯನ್ನು ಭರಿಸುವ ವಿಮೆ ಇಲ್ಲದೆ ಯಾವ ವಾಹನವೂ ರಸ್ತೆಗಿಳಿಯುವಂತಿಲ್ಲ. ಸವಾರನ ನಿರ್ಲಕ್ಷ್ಯಕ್ಕೆ ವಾಹನದ ಮಾಲೀಕ ಹೊಣೆ, ಮಾಲೀಕನ ಪರವಾಗಿ ಹಣ ಕಟ್ಟಿಕೊಡಬೇಕಾದದ್ದು ವಿಮಾ ಕಂಪನಿ. ಗಾಯಾಳು 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ತಾನು ವಾಸವಿರುವ ಊರಿನಲ್ಲೂ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿಯಿಂದ ಬಂದ ಗಡುವು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ವಿಳಂಬವೊಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂಬ ಮಧ್ಯಂತರ ಆದೇಶವೂ ಬಂದಿದೆ. ಹಾಗೆಂದು ಗಾಯಾಳುಗಳು ಅದನ್ನೇ ನಂಬಿ ಕೂರುವುದು ಕ್ಷೇಮವಲ್ಲ. ನಾವು ಐದನೇ ತಿಂಗಳಲ್ಲಿ ಅರ್ಜಿ ಹಾಕಿದೆವು.

ಅಲ್ಲಿಂದ ಮುಂದಿನದು ಸರಳವಲ್ಲ. ಸ್ಕೂಟರಿನ ಆರ್‌.ಸಿ. ಹುಡುಗನ ಹೆಸರಿನಲ್ಲಿರಲಿಲ್ಲ. ಮಂಡ್ಯದ ಕಡೆಯ ಒಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ಅವನು ಹೆಸರು ವರ್ಗಾವಣೆ ಮಾಡಿಸಿರಲಿಲ್ಲ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಎರಡು ವರ್ಷದ ಹಿಂದೆ ಗಾಡಿ ಮಾರಿ ಮರೆತಿದ್ದ ಆ ಮನುಷ್ಯನಿಗೆ ಕೋರ್ಟಿನ ನೋಟಿಸು ಹೋಯಿತು. ಮೊದಲ ದಿನ ಕೋರ್ಟಿನ ಕಾರಿಡಾರಿನಲ್ಲಿ ನಮ್ಮನ್ನು ನೋಡಿ ಅವರು ಕಣ್ಣೀರು ಹಾಕಿದರು. ಗಾಡಿ ಮಾರುವವರು ವರ್ಗಾವಣೆಯ ಕಾಗದ ಕೈಗೆ ಬರುವವರೆಗೆ ಸುಮ್ಮನಿರಬಾರದು.

ಎರಡನೆಯ ತೊಡಕು ವಿಮೆಯದು. ಬಿಳಿ ನಂಬರ್ ಪ್ಲೇಟಿನ, ಸ್ವಂತ ಬಳಕೆಯ ಗಾಡಿ ಎಂದು ವಿಮೆ ಮಾಡಿಸಿದ್ದ ಸ್ಕೂಟರನ್ನು ಪ್ರತಿಫಲ ಪಡೆದು ಸಾಮಾನು ಸಾಗಿಸಲು ಬಳಸಲಾಗಿದೆ, ಇದು ಪಾಲಿಸಿಯ ಷರತ್ತಿನ ಉಲ್ಲಂಘನೆ, ಆದ್ದರಿಂದ ತಮಗೆ ಹೊಣೆಯಿಲ್ಲ ಎಂದು ವಿಮಾ ಕಂಪನಿಯು ಆಕ್ಷೇಪಣೆ ಸಲ್ಲಿಸಿದೆ. ನಮ್ಮ ನಗರಗಳಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಾಡುವ ದ್ವಿಚಕ್ರ ವಾಹನಗಳಲ್ಲಿ ಬಹುಪಾಲು ಇದೇ ಬಗೆಯ ಪಾಲಿಸಿಯವು. ಮಾಲೀಕ ಷರತ್ತು ಮುರಿದಿದ್ದರೂ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ವಿಮಾ ಕಂಪನಿಗೆ ಆದೇಶಿಸುವ ದಾರಿಯನ್ನು ಸುಪ್ರೀಂ ಕೋರ್ಟು 2004ರಲ್ಲೂ ನಮ್ಮ ಹೈಕೋರ್ಟಿನ ಪೂರ್ಣಪೀಠ 2020ರಲ್ಲೂ ಹೇಳಿವೆ. ನಮ್ಮ ಭರವಸೆಯೂ ಅದರ ಮೇಲೆಯೇ ನಿಂತಿದೆ. ಆದರೆ ‘ಆಮೇಲೆ ವಸೂಲು’ ಎಂದರೆ ಆ ಮಂಡ್ಯದವರಿಂದ ಅಥವಾ ತಿಂಗಳ ಕಂತಿಗೇ ಒದ್ದಾಡುವ ಹುಡುಗನಿಂದ.  

ಮೂರನೆಯವರು ಡೆಲಿವರಿ ಕಂಪನಿ. ಇವರನ್ನು ಪ್ರತಿವಾದಿಯಾಗಿ ಸೇರಿಸಲು ನಾವು ಬೇರೆಯೇ ಅರ್ಜಿ ಹಾಕಬೇಕಾಯಿತು. ಹುಡುಗ ಅವರ ಹೆಸರಿನ ಟೀ ಶರ್ಟು ತೊಟ್ಟು, ಅವರದೇ ಚೀಲ ಹೊತ್ತಿದ್ದರೂ ಪೊಲೀಸರ ಎಫ್‌ಐಆರ್‌ನಲ್ಲಿಯಾಗಲಿ ಸ್ಥಳ ಮಹಜರಿನಲ್ಲಿಯಾಗಲಿ ಕಂಪನಿಯ ಹೆಸರಿಲ್ಲ. ‘ಸ್ಕೂಟರ್ ಸವಾರ’ ಎಂದಷ್ಟೇ ಇದೆ. ಅವನು ತಮ್ಮ ನೌಕರನಲ್ಲ, ‘ಪಾಲುದಾರ’. ತಾವು ಕೇವಲ ತಂತ್ರಜ್ಞಾನ ವೇದಿಕೆ ಎಂಬುದು ಕಂಪನಿಯ ಉತ್ತರ. ಯಾವ ಮನೆಗೆ, ಎಷ್ಟು ಹೊತ್ತಿನೊಳಗೆ ಹೋಗಬೇಕೆಂದು ಹೇಳುವವರು ಅವರು, ತಡವಾದರೆ ಅವನ ಗಳಿಕೆಗೆ ಕತ್ತರಿ ಹಾಕುವವರು ಅವರು, ಬೇಡವೆನಿಸಿದರೆ ಅವನ ಐ.ಡಿ. ನಿಲ್ಲಿಸುವವರೂ ಅವರೇ. ಕೆಲಸ ಮಾಡಿಸುವವನು ಕೆಲಸಗಾರನ ತಪ್ಪಿಗೆ ಹೊಣೆ ಹೊರಬೇಕೆಂಬ ಹಳೆಯ ನಿಯಮ ಹುಟ್ಟಿದ್ದೇ ಇಂಥ ಹಿಡಿತದ ಮೇಲೆ. ಲಾಭದಲ್ಲಿ ಪಾಲುದಾರನಲ್ಲದವನು ಅಪಘಾತವಾದ ಗಳಿಗೆಯಲ್ಲಿ ಮಾತ್ರ ಪಾಲುದಾರನಾಗುವುದು ವಿಚಿತ್ರ. ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಇಂಥ ಕೆಲಸ ಮಾಡುವವರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದು, ಕಂಪನಿಗಳಿಂದ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಶುಲ್ಕ ಸಂಗ್ರಹಿಸಲು ಅವಕಾಶ ಮಾಡಿಕೊಂಡಿರುವುದು ಸ್ವಾಗತಾರ್ಹವೇ. ಆದರೆ ಅದು ಸವಾರನಿಗಾಗಿ ಬಂದ ಕಾಯ್ದೆ. ಅವನ ಗಾಡಿಗೆ ಸಿಕ್ಕಿದವರ ಪಾಲಿಗೆ ಅದರಿಂದ ಏನೂ ಬದಲಾಗಿಲ್ಲ.

ಇಷ್ಟಾದರೂ ನಾವು ಅದೃಷ್ಟವಂತರೆಂದು ನಮ್ಮ ವಕೀಲರು ಹೇಳುತ್ತಾರೆ, ಏಕೆಂದರೆ ಗುದ್ದಿದ್ದು ಪೆಟ್ರೋಲ್ ಸ್ಕೂಟರು. ಮೋಟಾರಿನ ಶಕ್ತಿ 250 ವಾಟ್ ಮೀರದ, ಗಂಟೆಗೆ 25 ಕಿ.ಮೀ. ವೇಗ ದಾಟದ ಬ್ಯಾಟರಿ ಸ್ಕೂಟರುಗಳು ಕೇಂದ್ರ ನಿಯಮಗಳ ಪ್ರಕಾರ ಮೋಟಾರು ವಾಹನಗಳೇ ಅಲ್ಲ. ಅವಕ್ಕೆ ನಂಬರ್ ಪ್ಲೇಟು ಬೇಡ, ಲೈಸೆನ್ಸು ಬೇಡ, ವಿಮೆ ಬೇಡ. ಬೆಂಗಳೂರಿನಲ್ಲಿ ದಿನಬಾಡಿಗೆಗೆ ಪಡೆದು ಡೆಲಿವರಿಗೆ ಓಡಿಸುವ ಗಾಡಿಗಳಲ್ಲಿ ಇವು ಎಷ್ಟಿವೆಯೆಂದು ಯಾವ ಸಿಗ್ನಲ್ಲಿನಲ್ಲಿ ನಿಂತರೂ ಕಾಣುತ್ತದೆ. ಇವುಗಳಲ್ಲೊಂದು ಗುದ್ದಿದರೆ ನ್ಯಾಯಮಂಡಳಿಯ ಬಾಗಿಲೇ ತೆರೆಯದು. ಗಾಯಾಳು ಸಿವಿಲ್ ಕೋರ್ಟಿನಲ್ಲಿ ದಾವಾ ಹೂಡಿ, ಆ ಹುಡುಗನಿಂದಲೇ ವಸೂಲು ಮಾಡಿಕೊಳ್ಳಬೇಕು. ಗುದ್ದಿ ಓಡಿಹೋದ ವಾಹನದ ಗುರುತು ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಕೊಡುವ ಯೋಜನೆ ಮೋಟಾರು ವಾಹನ ಕಾಯ್ದೆಯಲ್ಲಿದೆ. ಕಣ್ಣೆದುರಿಗೇ ನಿಂತಿರುವ ಈ ಬ್ಯಾಟರಿ ಸ್ಕೂಟರಿಗೆ ಅದೂ ಅನ್ವಯಿಸದು. ವೇಗಮಿತಿಯನ್ನು ಕಿತ್ತು ಓಡಿಸುತ್ತಿದ್ದರೆ ಅದು ಮೋಟಾರು ವಾಹನವೇ ಆಗುತ್ತದೆ, ಸರಿ. ಆದರೆ ಅಪಘಾತದ ಮರುದಿನವೇ ಮೋಟಾರು ವಾಹನ ನಿರೀಕ್ಷಕರು ಗಾಡಿಯ ವೇಗವನ್ನು ಪರೀಕ್ಷಿಸಿ ವರದಿ ಕೊಟ್ಟರೆ ಮಾತ್ರ ಅದು ಸಾಬೀತಾದೀತು.

ಪರಿಹಾರದ ಮೊತ್ತದ ಬಗ್ಗೆಯೂ ಒಂದು ಮಾತು. ಡಾಕ್ಟರು ಅಕ್ಕನ ಕಾಲಿಗೆ ಶೇ 30ರಷ್ಟು ಅಂಗವೈಕಲ್ಯವೆಂದು ಬರೆದುಕೊಟ್ಟಿದ್ದಾರೆ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 10 ಎಂದು ಲೆಕ್ಕ ಹಿಡಿಯಬೇಕೆಂಬುದು ವಿಮಾ ಕಂಪನಿಯ ವಾದ. ಅಂಗಕ್ಕೆ ಎಷ್ಟು ಊನವಾಗಿದೆ ಎಂಬುದಕ್ಕಿಂತ ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂಬುದೇ ಮುಖ್ಯವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. 2014ರಲ್ಲಿ ಕಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ದುಡಿಮೆ ಶೇ 85ರಷ್ಟು ನಷ್ಟವಾಗಿದೆಯೆಂದು ಪರಿಗಣಿಸಿದೆ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ‘ಹೊಲಿಗೆ ಯಂತ್ರಕ್ಕೆ ಕರೆಂಟಿನ ಮೋಟಾರು ಕೂರಿಸಿಕೊಳ್ಳಬಹುದಲ್ಲವೇ?’ ಎಂದು ಕೇಳಿದರು. ‘ಅದಕ್ಕೂ ಪೆಡಲನ್ನು ಕಾಲಲ್ಲೇ ಒತ್ತಬೇಕು ಸ್ವಾಮಿ’ ಎಂದಳು ಅಕ್ಕ. ಸಂಬಳದ ಚೀಟಿ ಇಲ್ಲದ ಅವಳ ವರಮಾನಕ್ಕೆ ಸಾಕ್ಷಿಯಾಗಿ ನಾವು ಹಾಜರುಪಡಿಸಿದ್ದು, ಗಿರಾಕಿಗಳ ಅಳತೆ ಮತ್ತು ಬಾಕಿ ಬರೆದಿಟ್ಟ ಮೂರು ನೋಟ್‌ಬುಕ್ಕುಗಳನ್ನು. ಮನೆಯಲ್ಲೇ ದುಡಿಯುವ ಹೆಂಗಸರು ಇಂಥ ಪುಸ್ತಕಗಳನ್ನು ರದ್ದಿಗೆ ಹಾಕಬಾರದು.

ರಾಜ್ಯ ಸರ್ಕಾರದ ಸಾರಿಗೆ ಮತ್ತು ಕಾರ್ಮಿಕ ಇಲಾಖೆಗಳಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಸವಾರನಿಗೆ ಐ.ಡಿ. ಕೊಡುವ ಮೊದಲು ಗಾಡಿಯ ಆರ್‌.ಸಿ. ಮತ್ತು ಡೆಲಿವರಿ ಕೆಲಸಕ್ಕೆ ಅನ್ವಯವಾಗುವ ವಿಮೆ ಎರಡನ್ನೂ ಪರಿಶೀಲಿಸುವುದು ಕಂಪನಿಯ ಹೊಣೆಯಾಗಬೇಕು, ಮತ್ತು ಆ ವಿಮೆಯ ಹೆಚ್ಚುವರಿ ಕಂತನ್ನು ಹುಡುಗನ ತಲೆಗೆ ಕಟ್ಟದೆ ಕಂಪನಿಯೇ ಭರಿಸಬೇಕು. ಮೋಟಾರು ವಾಹನವಲ್ಲದ ಬ್ಯಾಟರಿ ಸ್ಕೂಟರುಗಳನ್ನು ಡೆಲಿವರಿಗೆ ಬಳಸುವುದಾದರೆ, ದಾರಿಹೋಕರಿಗೆ ಆಗುವ ಗಾಯಕ್ಕೆ ಕಂಪನಿಯ ಹೆಸರಿನಲ್ಲೇ ವಿಮೆ ಇರಬೇಕು. ಸಂಚಾರ ಪೊಲೀಸರು ಡೆಲಿವರಿ ವಾಹನದ ಅಪಘಾತದಲ್ಲಿ ಕಂಪನಿಯ ಹೆಸರು, ಆರ್ಡರಿನ ಸಂಖ್ಯೆ ಮತ್ತು ಸಮಯವನ್ನು ಮಹಜರಿನಲ್ಲೇ ನಮೂದಿಸುವಂತೆ ಒಂದು ಸುತ್ತೋಲೆ ಹೊರಟರೂ ಸಾಕು, ನಮ್ಮಂಥವರ ಅರ್ಧ ಅಲೆದಾಟ ತಪ್ಪುತ್ತದೆ.

ಆ ಸಂಜೆ ಹುಡುಗ ಯಾವ ಅಂಗಡಿಯಿಂದ ಎಷ್ಟು ಗಂಟೆಗೆ ಹೊರಟ, ಯಾವ ರಸ್ತೆಯಲ್ಲಿ ಎಷ್ಟು ವೇಗದಲ್ಲಿ ಬಂದ ಎಂಬುದೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗಿರಲೇಬೇಕು. ಅದನ್ನು ಹಾಜರುಪಡಿಸುವಂತೆ ನಿರ್ದೇಶಿಸಬೇಕೆಂಬ ನಮ್ಮ ಅರ್ಜಿ ಬರುವ ತಿಂಗಳು ವಿಚಾರಣೆಗೆ ಬರಲಿದೆ. ಅಷ್ಟು ಹಳೆಯ ಮಾಹಿತಿಯನ್ನು ಇಟ್ಟುಕೊಂಡಿಲ್ಲವೆಂದು ಅವರ ವಕೀಲರು ಈಗಾಗಲೇ ಬಾಯಿಮಾತಿನಲ್ಲಿ ತಿಳಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ವಿಜಯನಗರ, ಬೆಂಗಳೂರು