ಅಮ್ಮನಿಲ್ಲದ ಮೊದಲ ಮೊಂತಿ ಫೆಸ್ತ್: ಕುಟುಂಬದ ಗುಂಪಿಗೆ ಸೂಚನೆ

ಆತ್ಮೀಯರೇ,

ಅಮ್ಮ ತೀರಿಕೊಂಡ ಬಳಿಕ ಬರುತ್ತಿರುವ ಮೊದಲ ಮೊಂತಿ ಫೆಸ್ತ್ (ಮಾತೆ ಮರಿಯಳ ಜನ್ಮದಿನದ ಹಾಗೂ ಹೊಸ ತೆನೆಯ ಹಬ್ಬ) ಇದು. ಸೆಪ್ಟೆಂಬರ್ 8ರ ಮುಂಚಿನ ಒಂಬತ್ತು ದಿನವೂ ಮೊಮ್ಮಕ್ಕಳಿಂದ ಅಂಗಳದ ಹೂವುಗಳನ್ನು ಕೊಯ್ಯಿಸಿ, ಮಾತೆ ಮರಿಯಳಿಗೆ ಅರ್ಪಿಸಲು ಇಗರ್ಜಿಗೆ ಕರೆದೊಯ್ಯುತ್ತಿದ್ದವರು ಅವರೇ. ಹಬ್ಬದಂದು ಪಾದ್ರಿಗಳು ಆಶೀರ್ವದಿಸಿದ ಹೊಸ ತೆನೆಯ ಕಾಳುಗಳನ್ನು ಸುಲಿದು, ಹಾಲಿನಲ್ಲಿ ಬೆರೆಸಿ, ಮನೆಯವರೆಲ್ಲರಿಗೂ ತಮ್ಮ ಕೈಯಾರೆ ಹಂಚಿ, ಮುಂಬಯಿ ಮತ್ತು ಕುವೈತಿನಲ್ಲಿದ್ದವರಿಗೆ ತೆನೆಯನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಸಂಜೆಯ ಜಪಸರಕ್ಕೆ ತಪ್ಪಿಸಿಕೊಂಡವರಿಗೆ ಊಟ ತಡವಾಗುತ್ತಿತ್ತು (ನನಗಂತೂ ಹಲವು ಸಲ ತಡವಾಗಿದೆ).

ಈ ಬಾರಿ ಹಬ್ಬದ ಊಟವನ್ನು, ಅವರು ಪಾಲಿಸುತ್ತಿದ್ದಂತೆಯೇ ಮೀನು ಮಾಂಸವಿಲ್ಲದೆ, ಹಳೆಯ ಮನೆಯಲ್ಲಿ ಮಾಡಲು ನಿರ್ಧರಿಸಿದ್ದೇವೆ. ಬರಲಾಗದವರು ವಿಳಾಸ ತಿಳಿಸಿದರೆ ತೆನೆ ಕಳುಹಿಸಲಾಗುವುದು. ನವೆಂಬರ್ 2ರಂದು, ಮೃತರೆಲ್ಲರ ಸ್ಮರಣೆಯ ದಿನ, ಸಮಾಧಿಯ ಬಳಿ ಸೇರುವಾಗ ದಯವಿಟ್ಟು ಅಂಗಡಿಯ ಹಾರ ಬೇಡ, ಅಂಗಳದ ಹೂವನ್ನೇ ತನ್ನಿ.